ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ನನ್ನು ಹಗುರವಾದ ತಳಕ್ಕೆ ಕೂರಿಸುವ ಕ್ರಮ

ಪುಣೆಯ ಬಾಣೇರ್, ಬಾವಧನ್, ಸೂಸ್ ಕಡೆಯ ಗುಡ್ಡಗಳ ಇಳಿಜಾರಿನಲ್ಲಿ ಎದ್ದಿರುವ ವಸತಿ ಸಮುಚ್ಚಯಗಳಲ್ಲಿ ಹುಲ್ಲುಹಾಸು ಒಂದೇ ಮಟ್ಟದಲ್ಲಿ ಸಿಗುವುದು ಅಪರೂಪ. ಒಂದು ತುಂಡು ಮೇಲೆ, ಇನ್ನೊಂದು ನಾಲ್ಕು ಮೆಟ್ಟಿಲು ಕೆಳಗೆ, ಮತ್ತೊಂದು ಕಟ್ಟಡದ ಹಿಂಬದಿಯಲ್ಲಿ ಇರುತ್ತದೆ. ಹೀಗಾಗಿ ಮಾಲಿಗಳು ಲಾನ್ ಮೋವರನ್ನು ತಳ್ಳುವಷ್ಟೇ ಸಲ ಎತ್ತಬೇಕಾಗುತ್ತದೆ. ಅದರ ಭಾರದಲ್ಲಿ ದೊಡ್ಡ ಪಾಲು ಉಕ್ಕಿನ ತಗಡಿನ ತಳದ್ದು, ಅಂದರೆ ಡೆಕ್ಕಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಒದ್ದೆ ಹುಲ್ಲು ಒಳಮೈಗೆ ಅಂಟಿಕೊಂಡು ಮೊದಲು ತುಕ್ಕು ತಿನ್ನುವುದೂ ಆ ತಳವನ್ನೇ. ಎಂಜಿನ್ ಇನ್ನೂ ಹತ್ತು ವರ್ಷ ಓಡುವ ಸ್ಥಿತಿಯಲ್ಲಿದ್ದಾಗಲೇ ತಳ ತೂತು ಬಿದ್ದು, ಇಡೀ ಯಂತ್ರ ಗುಜರಿಗೆ ಹೋಗುತ್ತದೆ. ಇದು ತೀರ ಅನಗತ್ಯವಾದ ನಷ್ಟ. ಭೋಸರಿ, ಪಿಂಪ್ರಿ, ಚಾಕಣ್‌ಗಳ ವರ್ಕ್‌ಶಾಪುಗಳಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಬಂದು ತಗಡಿನ ಕೆಲಸ ಮಾಡುವ ನಮ್ಮವರು ಬಹಳ ಮಂದಿ ಇದ್ದಾರೆ. ಅಂಥವರೊಬ್ಬರ ನೆರವಿದ್ದರೆ ಹಳೆಯ ಎಂಜಿನ್ನಿಗೆ ಹಗುರವಾದ ಹೊಸ ತಳವನ್ನು ಕಟ್ಟಿಕೊಡುವುದು ಸಾಧ್ಯವಾದ ಕೆಲಸವೇ ಹೌದು.

ಇಲ್ಲಿ ಹೇಳುವ ಕ್ರಮ ಕೈಯಿಂದ ತಳ್ಳುವ ಯಂತ್ರಕ್ಕೆ, ಅದರಲ್ಲೂ ಬ್ಲೇಡನ್ನು ತಿರುಗಿಸುವ ಶಾಫ್ಟ್ ನೇರವಾಗಿ ಕೆಳಮುಖವಾಗಿರುವ ನಾಲ್ಕು ಸ್ಟ್ರೋಕಿನ ಎಂಜಿನ್ನಿಗೆ ಮಾತ್ರ ಅನ್ವಯಿಸುತ್ತದೆ. ಹೋಂಡಾದ ಜಿಸಿವಿ 160 ಈ ಬಗೆಯ ಎಂಜಿನ್. ಅದರ ತೂಕ ಸುಮಾರು 10 ಕಿಲೋ. ಗಾಲಿಗಳನ್ನು ತಾನೇ ಓಡಿಸುವ ಯಂತ್ರದಲ್ಲಿ ಬೆಲ್ಟು ಮತ್ತು ಗೇರಿನ ಪೆಟ್ಟಿಗೆ ತಳಕ್ಕೇ ಬಿಗಿದಿರುವುದರಿಂದ ಅದನ್ನು ಈ ರೀತಿಯಲ್ಲಿ ಬದಲಾಯಿಸಲು ಹೋಗಬಾರದು.

ಕೆಲಸಕ್ಕೆ ಕೈ ಹಾಕುವ ಮುನ್ನ ತಳ ಏನು ಮಾಡುತ್ತದೆ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಎಂಜಿನ್ನನ್ನು ಹೊತ್ತು ನಿಲ್ಲುವುದು ಅದರ ಒಂದು ಕೆಲಸ ಮಾತ್ರ. ತಿರುಗುವ ಬ್ಲೇಡಿನಿಂದ ಕಾಲನ್ನೂ, ಸಿಡಿಯುವ ಕಲ್ಲಿನಿಂದ ಸುತ್ತಲಿನವರನ್ನೂ ಕಾಯುವ ಕವಚವೂ ಅದೇ. ಬ್ಲೇಡಿನ ರೆಕ್ಕೆಗಳು ಎಬ್ಬಿಸುವ ಗಾಳಿಯನ್ನು ಒಳಗೆ ಹಿಡಿದಿಟ್ಟು, ಹುಲ್ಲನ್ನು ನೆಟ್ಟಗೆ ನಿಲ್ಲಿಸಿ, ಕತ್ತರಿಸಿದ್ದನ್ನು ಬದಿಯ ಬಾಯಿಯಿಂದ ಹೊರಗೆ ಎಸೆಯುವುದೂ ಅದರ ಆಕಾರವೇ. ಇವೆಲ್ಲದರ ಜೊತೆಗೆ, ಎಂಜಿನ್ನಿನ ನಡುಕವನ್ನು ತನ್ನ ಭಾರದಿಂದ ತಗ್ಗಿಸುವ ಕೆಲಸವನ್ನೂ ಅದು ಸದ್ದಿಲ್ಲದೆ ಮಾಡುತ್ತಿರುತ್ತದೆ. ಆದ್ದರಿಂದ ಭಾರವನ್ನು ಎಲ್ಲಿ ಬೇಕಾದರೂ ಇಳಿಸಬಹುದು, ಆದರೆ ಬ್ಲೇಡಿನಲ್ಲಿ, ಕವಚದ ಸುತ್ತಳತೆಯಲ್ಲಿ ಮತ್ತು ಬ್ರೇಕಿನ ವ್ಯವಸ್ಥೆಯಲ್ಲಿ ಇಳಿಸಬಾರದು. ಮುಂದಿನ ಎಲ್ಲ ನಿರ್ಧಾರಗಳನ್ನೂ ಈ ಒಂದು ನಿಯಮಕ್ಕೆ ಕಟ್ಟುಬಿದ್ದೇ ತೆಗೆದುಕೊಳ್ಳಬೇಕು.

ಮೊದಲನೆಯ ನಿರ್ಧಾರ ತಗಡಿನದು. 2 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ 15.7 ಕಿಲೋ ತೂಗಿದರೆ, 3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು 8.1 ಕಿಲೋ ತೂಗುತ್ತದೆ. ದಪ್ಪ ಹೆಚ್ಚಿಸುವುದಕ್ಕೆ ಕಾರಣವಿದೆ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಮೂರು ಪಟ್ಟು ಸುಲಭವಾಗಿ ಬಾಗುತ್ತದೆ, ಆದರೆ ತಗಡಿನ ಬಿಗುವು ದಪ್ಪದ ಘನಕ್ಕೆ ಅನುಗುಣವಾಗಿ ಏರುವುದರಿಂದ ದಪ್ಪವನ್ನು ಸುಮಾರು 1.4 ಪಟ್ಟು ಮಾಡಿದರೆ ಸಾಕು, ಎರಡೂ ಸಮನಾಗುತ್ತವೆ. ಮೇಲ್ಮೈ ಮತ್ತು ಅದರ ಸುತ್ತ ಕೆಳಗಿಳಿಯುವ ಅಂಚುಪಟ್ಟಿಗಳೆಲ್ಲ ಸೇರಿ ಒಂದು ಡೆಕ್ಕಿಗೆ ಅರ್ಧ ಚದರ ಮೀಟರ್ ತಗಡು ಹಿಡಿದರೆ, ಉಕ್ಕಿನದು 7.8 ಕಿಲೋ, ಅಲ್ಯೂಮಿನಿಯಂನದು 4 ಕಿಲೋ. ಉಕ್ಕಿನ ಕೊಳವೆಯ ಹಿಡಿಕೆ, ಭಾರದ ಗಾಲಿಗಳು ಮತ್ತು ಎತ್ತರ ಬದಲಿಸುವ ನಾಲ್ಕು ಲಿವರುಗಳನ್ನೂ ಹಗುರವಾದವುಗಳಿಗೆ ಬದಲಿಸಿದರೆ ಒಟ್ಟಾರೆ ಐದಾರು ಕಿಲೋ ಇಳಿಯುತ್ತದೆ. ಎತ್ತುವವರ ಸೊಂಟಕ್ಕೆ ಇದು ಸಣ್ಣ ಲೆಕ್ಕವಲ್ಲ.

ಪ್ಲೈವುಡ್ ಹಗುರವೆಂದು ಅದನ್ನು ತಳವಾಗಿ ಬಳಸುವವರಿದ್ದಾರೆ. 18 ಮಿಲಿಮೀಟರಿನ ಮರೈನ್ ಪ್ಲೈ ಚದರ ಮೀಟರಿಗೆ 11 ಕಿಲೋ ದಾಟುತ್ತದೆ, ಅಂದರೆ ಅಲ್ಯೂಮಿನಿಯಂಗಿಂತ ಭಾರ. ಅದರ ಮೇಲೆ, ಬೋಲ್ಟಿನ ಒತ್ತಡಕ್ಕೆ ಅದು ಕುಗ್ಗುತ್ತದೆ, ಚೆಲ್ಲಿದ ಪೆಟ್ರೋಲು ಮತ್ತು ಆಯಿಲ್ ಕುಡಿಯುತ್ತದೆ, ಸೈಲೆನ್ಸರಿನ ಶಾಖದ ಪಕ್ಕದಲ್ಲೇ ಇರುತ್ತದೆ. ಅದನ್ನು ಅಳತೆಯ ಅಚ್ಚಿಗೆ ಬಳಸಿ, ತಳಕ್ಕೆ ಬೇಡ.

ಅಲ್ಯೂಮಿನಿಯಂನಲ್ಲೂ ಎಲ್ಲ ತಗಡು ಒಂದೇ ಅಲ್ಲ. ಕೊಳ್ಳುವಾಗ 5052 ಎಂಬ ದರ್ಜೆಯನ್ನು ಕೇಳಬೇಕು. ಇದು ಮಡಚಿದರೆ ಬಿರಿಯುವುದಿಲ್ಲ, ನೀರಿಗೂ ತಾಳುತ್ತದೆ. 6061 ಹೆಚ್ಚು ಗಟ್ಟಿಯೆಂದು ಅಂಗಡಿಯವರು ಹೇಳುವುದು ನಿಜವಾದರೂ, ಗಟ್ಟಿಗೊಳಿಸಿದ ಆ ತಗಡನ್ನು ಚಿಕ್ಕ ತಿರುವಿನಲ್ಲಿ ಮಡಚಿದರೆ ಹೊರಮೈಯಲ್ಲಿ ಸೀಳು ಬೀಳುತ್ತದೆ ಮತ್ತು ವೆಲ್ಡಿಂಗ್ ಮಾಡಿದ ಸುತ್ತಲಿನ ಜಾಗ ಮೆತ್ತಗಾಗುತ್ತದೆ. ಹಳೆಯ ಯಂತ್ರದ ಗಾಲಿ, ಹಿಡಿಕೆ, ಕೇಬಲ್ಲುಗಳನ್ನು ಹುಡುಕುವವರು ಪುಣೆಯಲ್ಲಿ ಬುಧವಾರ ಮತ್ತು ಭಾನುವಾರ ನಡೆಯುವ ಜುನಾ ಬಜಾರಿನಲ್ಲಿ ಒಮ್ಮೆ ನೋಡಬಹುದು. ಬೋಲ್ಟು ಮತ್ತು ಬ್ಲೇಡನ್ನು ಮಾತ್ರ ಅಲ್ಲಿ ಕೊಳ್ಳಬಾರದು. ಬಳಸಿದ ಬೋಲ್ಟು ಎಷ್ಟು ಎಳೆತ ಕಂಡಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ.

ಎಂಜಿನ್ ಬಿಚ್ಚುವ ಮುನ್ನ ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಎಳೆದು, ಪ್ಲಗ್ಗಿಗೆ ತಾಗದಂತೆ ದೂರ ಕಟ್ಟಬೇಕು. ಇದನ್ನು ಮಾಡದೆ ಬ್ಲೇಡಿಗೆ ಕೈ ಇಡಲೇಬಾರದು, ಏಕೆಂದರೆ ಬ್ಲೇಡನ್ನು ಕೈಯಿಂದ ತಿರುಗಿಸುವುದೂ ಹಗ್ಗ ಎಳೆದು ಎಂಜಿನ್ ಹೊಡೆಯುವುದೂ ಒಂದೇ. ಪೆಟ್ರೋಲು ಮತ್ತು ಆಯಿಲ್ಲನ್ನು ಬಸಿದ ಮೇಲೆ, ಏರ್ ಫಿಲ್ಟರ್ ಮೇಲಕ್ಕೆ ಬರುವಂತೆ ಯಂತ್ರವನ್ನು ವಾಲಿಸಬೇಕು. ಬ್ಲೇಡ್ ತಿರುಗದಂತೆ ಅದರ ತುದಿಗೂ ಡೆಕ್ಕಿನ ಗೋಡೆಗೂ ನಡುವೆ ಮರದ ತುಂಡನ್ನು ಕೊಟ್ಟು ನಡುವಿನ ಬೋಲ್ಟನ್ನು ಬಿಚ್ಚಬೇಕು. ಬ್ಲೇಡ್ ಕೂರುವ ಅಡಾಪ್ಟರ್ ಶಾಫ್ಟಿಗೆ ಕಚ್ಚಿಕೊಂಡಿದ್ದರೆ ಸುತ್ತಿಗೆಯಿಂದ ಹೊಡೆಯುವ ಬದಲು ಪುಲ್ಲರ್ ಹಾಕಿ ಎಳೆಯಬೇಕು. ಒಂದು ತಪ್ಪು ಏಟಿಗೆ ಶಾಫ್ಟ್ ಬಾಗಿದರೆ ಆ ಎಂಜಿನ್ ಮತ್ತೆ ನೆಟ್ಟಗೆ ತಿರುಗುವುದಿಲ್ಲ. ಶಾಫ್ಟಿನ ಸೀಳಿನಲ್ಲಿ ಕೂರುವ ಸಣ್ಣ ಲೋಹದ ತುಂಡನ್ನು, ಅಂದರೆ ಕೀಯನ್ನು ಜೋಪಾನವಾಗಿ ಎತ್ತಿಡಬೇಕು. ಕೇಬಲ್ಲುಗಳನ್ನು ಬಿಚ್ಚುವ ಮುನ್ನ ಅವು ಯಾವ ಕೊಂಡಿಗೆ ಯಾವ ಬದಿಯಿಂದ ಬರುತ್ತವೆ ಎಂಬುದನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರೆ ಮುಂದೆ ಬಹಳ ಸಮಯ ಉಳಿಯುತ್ತದೆ.

ಈಗ ಅಳತೆಯ ಅಚ್ಚು. ಹಳೆಯ ಡೆಕ್ಕಿನ ಮೇಲೆ ದಪ್ಪ ರಟ್ಟನ್ನು ಇಟ್ಟು ನಡುವಿನ ದೊಡ್ಡ ರಂಧ್ರವನ್ನೂ ಬೋಲ್ಟಿನ ರಂಧ್ರಗಳನ್ನೂ ಕೆಳಗಿನಿಂದ ಪೆನ್ಸಿಲಿನಲ್ಲಿ ಗುರುತಿಸಿ ಕತ್ತರಿಸಬೇಕು. ಆಮೇಲೆ ಅದನ್ನು ಎಂಜಿನ್ನಿನ ಅಡಿಗೇ ಹಿಡಿದು ಹೊಂದುತ್ತದೆಯೇ ಎಂದು ನೋಡಬೇಕು, ಏಕೆಂದರೆ ತುಕ್ಕು ಹಿಡಿದ ಡೆಕ್ಕಿನ ರಂಧ್ರಗಳು ಅದಿರಿ ಅದಿರಿ ಉದ್ದವಾಗಿರುತ್ತವೆ. ಅಚ್ಚು ಒಪ್ಪಿದ ಮೇಲೆ ಅದನ್ನು ಹೊಸ ತಗಡಿಗೆ ಅಂಟಿಸಿ, ಸೆಂಟರ್ ಪಂಚಿನಿಂದ ಗುರುತು ಮಾಡಿ, ಮೊದಲು 3 ಮಿಲಿಮೀಟರಿನ, ನಂತರ ಪೂರ್ಣ ಅಳತೆಯ ಡ್ರಿಲ್ ಹಾಕಬೇಕು. 8 ಮಿಲಿಮೀಟರಿನ ಬೋಲ್ಟಿಗೆ 8.5 ಮಿಲಿಮೀಟರಿನ ರಂಧ್ರ ಸಾಕು. ಅದಕ್ಕಿಂತ ಸಡಿಲ ಬಿಟ್ಟರೆ ಎಂಜಿನ್ ಸರಿಯಲು ದಾರಿ ಮಾಡಿಕೊಟ್ಟಂತಾಗುತ್ತದೆ.

ಎಂಜಿನ್ನಿನ ಅಡಿಗೆ ಬರೀ 3 ಮಿಲಿಮೀಟರಿನ ತಗಡು ಸಾಲದು. ಅಲ್ಲಿ 250 ಮಿಲಿಮೀಟರ್ ಚೌಕದ, 5 ಮಿಲಿಮೀಟರ್ ದಪ್ಪದ ಇನ್ನೊಂದು ಅಲ್ಯೂಮಿನಿಯಂ ಪ್ಲೇಟನ್ನು ಜೋಡಿಸಬೇಕು. ಅದಕ್ಕೆ ತಗಲುವ ಭಾರ 850 ಗ್ರಾಮಿಗಿಂತ ಕಡಿಮೆ, ಮತ್ತು ಇಡೀ ತಳದಲ್ಲಿ ಅಷ್ಟು ಭಾರಕ್ಕೆ ಇಷ್ಟು ಪ್ರಯೋಜನ ಕೊಡುವ ತುಂಡು ಬೇರೆ ಇಲ್ಲ. ಇದನ್ನು ವೆಲ್ಡಿಂಗ್ ಮಾಡಬಾರದು, ಅಂಚಿನುದ್ದಕ್ಕೂ ರಿವೆಟ್ ಹೊಡೆಯಬೇಕು. ಇಲ್ಲಿ ಲೋಹದ ಸ್ವಭಾವವೇ ನಮಗೆ ಎದುರಾಗಿ ನಿಲ್ಲುತ್ತದೆ. ಉಕ್ಕಿಗೆ ಒಂದು ಮಿತಿಯ ಒಳಗಿನ ಅದುರು ಎಷ್ಟು ಸಲ ಬಿದ್ದರೂ ದಣಿವಿಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿಯಿಲ್ಲ, ಸಣ್ಣ ಅದುರೂ ಲೆಕ್ಕಕ್ಕೆ ಸೇರುತ್ತಲೇ ಹೋಗುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ ಒಂದೇ ಗಂಟೆಯಲ್ಲಿ 1,80,000 ಸಲ ತಳವನ್ನು ಅಲುಗಿಸುತ್ತದೆ. ಬಿರುಕು ಹುಟ್ಟುವುದು ರಂಧ್ರದ ಒರಟು ಅಂಚಿನಲ್ಲಿ, ಚೂಪಾದ ಒಳಮೂಲೆಯಲ್ಲಿ ಮತ್ತು ವೆಲ್ಡಿಂಗಿನ ಪಕ್ಕದಲ್ಲಿ. ಆದ್ದರಿಂದ ಪ್ರತಿ ರಂಧ್ರದ ಅಂಚನ್ನೂ ಅರದಿಂದ ಉಜ್ಜಿ ನುಣುಪು ಮಾಡುವುದು, ಪ್ರತಿ ಒಳಮೂಲೆಯನ್ನೂ ಕನಿಷ್ಠ 6 ಮಿಲಿಮೀಟರಿನಷ್ಟು ದುಂಡಗೆ ಕತ್ತರಿಸುವುದು ಬರೀ ಅಂದಕ್ಕಾಗಿ ಮಾಡುವ ಕೆಲಸವಲ್ಲ. ತಳದ ಆಯುಷ್ಯ ನಿಂತಿರುವುದೇ ಆ ಅರ್ಧ ಗಂಟೆಯ ಕೆಲಸದ ಮೇಲೆ.

ಅಂಚುಪಟ್ಟಿಯ ಆಳವನ್ನು ಶಾಫ್ಟಿನ ಉದ್ದ ನಿರ್ಧರಿಸುತ್ತದೆ. ಈ ಬಗೆಯ ಎಂಜಿನ್ನುಗಳಲ್ಲಿ ಶಾಫ್ಟ್ ಸಾಮಾನ್ಯವಾಗಿ 62 ಅಥವಾ 80 ಮಿಲಿಮೀಟರ್ ಕೆಳಗೆ ಚಾಚಿರುತ್ತದೆ. ಎಂಜಿನ್ನನ್ನು ಪ್ಲೇಟಿನ ಮೇಲೆ ಇಟ್ಟು, ಅಡಾಪ್ಟರ್ ಮತ್ತು ಬ್ಲೇಡನ್ನು ತಾತ್ಕಾಲಿಕವಾಗಿ ಕೂರಿಸಿ, ಬ್ಲೇಡಿನ ಅಂಚು ನಿಜವಾಗಿ ಎಲ್ಲಿಗೆ ಬರುತ್ತದೆ ಎಂದು ಅಳೆಯಬೇಕು. ಅಂಚುಪಟ್ಟಿ ಅದಕ್ಕಿಂತ ಕನಿಷ್ಠ 15 ಮಿಲಿಮೀಟರ್ ಕೆಳಗಿಳಿದಿರಬೇಕು. ಬ್ಲೇಡಿನ ತುದಿಗೂ ಒಳಗೋಡೆಗೂ ಸುತ್ತಲೂ 12ರಿಂದ 15 ಮಿಲಿಮೀಟರ್ ಬಿಡುವಿರಲಿ. ಹೆಚ್ಚಾದರೆ ಗಾಳಿಯ ಒತ್ತಡ ಸೋರಿ ಹುಲ್ಲು ಮಲಗಿಯೇ ಉಳಿಯುತ್ತದೆ, ಕಡಿಮೆಯಾದರೆ ಒದ್ದೆ ಹುಲ್ಲು ಸಿಕ್ಕಿಕೊಂಡು ಎಂಜಿನ್ ನಿಲ್ಲುತ್ತದೆ. ಮೇಲಿನಿಂದ ನೋಡಿದಾಗ ಬ್ಲೇಡ್ ಗಡಿಯಾರದ ಮುಳ್ಳಿನಂತೆ ತಿರುಗುವ ಈ ಯಂತ್ರಗಳಲ್ಲಿ ಹುಲ್ಲು ಹೊರಬರುವ ಬಾಯಿ ಬಲಬದಿಯಲ್ಲಿರುತ್ತದೆ. ಆ ಬಾಯಿಗೆ ಸ್ಪ್ರಿಂಗಿನಿಂದ ತಾನಾಗಿ ಮುಚ್ಚುವ ಮುಚ್ಚಳವನ್ನೂ, ನಡೆಯುವವರ ಕಾಲಿನ ಕಡೆಗೆ ಇಳಿಬಿದ್ದ ದಪ್ಪ ರಬ್ಬರಿನ ಪರದೆಯನ್ನೂ ತಪ್ಪದೆ ಹಾಕಬೇಕು. ತಳ ಹಗುರಾದಷ್ಟೂ ಯಂತ್ರವನ್ನು ಹಿಂದಕ್ಕೆ ಎಳೆಯುವಾಗ ಅದರ ಹಿಂಭಾಗ ಸುಲಭವಾಗಿ ಮೇಲೇಳುತ್ತದೆ, ಹಾಗಾಗಿ ಆ ಪರದೆಯ ಅಗತ್ಯ ಮೊದಲಿಗಿಂತ ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ. ಮೇಲ್ಮೈಯ ಅಂಚಿನಲ್ಲಿ ತಗಡನ್ನು 20 ಮಿಲಿಮೀಟರಿನಷ್ಟು ಇನ್ನೊಮ್ಮೆ ಒಳಕ್ಕೆ ಮಡಚಿದರೆ, ಭಾರವನ್ನು ಹೆಚ್ಚೇನೂ ಏರಿಸದೆ ಬಿಗುವು ಗಮನಾರ್ಹವಾಗಿ ಏರುತ್ತದೆ.

ಗಾಲಿಗಳ ವಿಚಾರದಲ್ಲಿ ಗಮನಿಸಬೇಕಾದ ಸಂಗತಿ ಒಂದೇ. ಕೆಳಗಿನ ಭಾರವನ್ನು ತೆಗೆದು ಮೇಲಿನ ಎಂಜಿನ್ನನ್ನು ಹಾಗೆಯೇ ಉಳಿಸಿದಾಗ ಯಂತ್ರದ ಗುರುತ್ವ ಕೇಂದ್ರ ಮೇಲಕ್ಕೆ ಏರುತ್ತದೆ. ಇಳಿಜಾರಿನಲ್ಲಿ ಅಡ್ಡಡ್ಡ ನಡೆಯುವಾಗ ಅದು ಮಗುಚುವ ಸಂಭವ ಹೆಚ್ಚು. ಆದ್ದರಿಂದ ಎಡ ಬಲ ಗಾಲಿಗಳ ನಡುವಿನ ಅಂತರವನ್ನು ಹಳೆಯ ಯಂತ್ರಕ್ಕಿಂತ ಎಂದಿಗೂ ಕಡಿಮೆ ಮಾಡಬಾರದು, ಸಾಧ್ಯವಾದರೆ 30–40 ಮಿಲಿಮೀಟರ್ ಹೆಚ್ಚಿಸಬೇಕು. 15 ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಈ ಯಂತ್ರವನ್ನು ಓಡಿಸಲೇಬಾರದು. ಅಲ್ಲಿ ಕಾಲು ಜಾರುವ ಅಪಾಯವಷ್ಟೇ ಅಲ್ಲ, ಎಂಜಿನ್ನಿನೊಳಗಿನ ಆಯಿಲ್ ಒಂದು ಬದಿಗೆ ಸರಿದು ಇನ್ನೊಂದು ಬದಿ ಒಣಗುವ ಅಪಾಯವೂ ಇದೆ.

ಬೋಲ್ಟುಗಳಿಗೆ ಬರೋಣ. ಹೊಸ ತಳ ಎಂಜಿನ್ನಿನ ಅಡಿಯಲ್ಲಿ ಒಟ್ಟು 8 ಮಿಲಿಮೀಟರ್ ದಪ್ಪವಿದೆ, ಹಳೆಯದು 2 ಇತ್ತು. ಹಾಗಾಗಿ ಬೋಲ್ಟುಗಳು ಹಳೆಯವುಗಳಿಗಿಂತ 6 ಮಿಲಿಮೀಟರ್ ಹೆಚ್ಚು ಉದ್ದ ಇರಬೇಕು. ಅದಕ್ಕಿಂತ ಉದ್ದನೆಯದನ್ನು ಹಾಕಿದರೆ, ಎಂಜಿನ್ನಿನ ಅಡಿಯಲ್ಲಿ ಮುಚ್ಚಿದ ರಂಧ್ರಗಳಿರುವ ಮಾದರಿಗಳಲ್ಲಿ ಬೋಲ್ಟಿನ ತುದಿ ತಳ ಮುಟ್ಟಿ ಅಲ್ಯೂಮಿನಿಯಂ ಕವಚವನ್ನೇ ಬಿರಿಸುತ್ತದೆ. ಇನ್ನೊಂದು ಎಚ್ಚರಿಕೆ: ಕೆಲವು ಎಂಜಿನ್ನುಗಳ ಬೋಲ್ಟಿನ ರಂಧ್ರದ ಮರೆಗಳು (ಥ್ರೆಡ್) ಇಂಚಿನ ಲೆಕ್ಕದವು. 5/16 ಇಂಚಿನ ಬೋಲ್ಟು 7.94 ಮಿಲಿಮೀಟರ್ ಇರುವುದರಿಂದ 8 ಮಿಲಿಮೀಟರಿನದು ಎರಡು ಸುತ್ತು ಹೋಗಿಯೇ ಬಿಡುತ್ತದೆ, ಆಮೇಲೆ ಬಲವಂತ ಮಾಡಿದರೆ ಮರೆ ಹಾಳಾಗುತ್ತದೆ. ಹಳೆಯ ಬೋಲ್ಟನ್ನು ಅಂಗಡಿಗೆ ಒಯ್ದು ಹೊಸ ನಟ್ಟನ್ನು ಅದಕ್ಕೆ ಹಾಕಿ ನೋಡಿಯೇ ಕೊಳ್ಳಬೇಕು. ಎಂಜಿನ್ನಿನ ಬೋಲ್ಟುಗಳನ್ನು ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ಪಾನಾದಿಂದ 20 ನ್ಯೂಟನ್ ಮೀಟರಿನ ಆಸುಪಾಸಿನಲ್ಲಿ, ಒಂದರ ಎದುರು ಒಂದರಂತೆ ಹಂತಹಂತವಾಗಿ ಬಿಗಿಯಬೇಕು. ಕೈಪಿಡಿ ಇದ್ದರೆ ಅದರ ಅಂಕಿಯೇ ಅಂತಿಮ. ನಡುಕ ಕಡಿಮೆಯಾಗಲೆಂದು ಎಂಜಿನ್ನಿನ ಅಡಿಗೆ ರಬ್ಬರ್ ಇಡುವುದು ತಪ್ಪು. ಬ್ಲೇಡ್ ನೇರವಾಗಿ ಶಾಫ್ಟಿಗೇ ಕೂರುವುದರಿಂದ ಎಂಜಿನ್ ಅಲುಗಿದರೆ ಬ್ಲೇಡೂ ಅಲುಗುತ್ತದೆ, ಬೋಲ್ಟೂ ಸಡಿಲಾಗುತ್ತದೆ. ರಬ್ಬರಿಗೆ ಸರಿಯಾದ ಜಾಗ ಹಿಡಿಕೆ ತಳಕ್ಕೆ ಸೇರುವ ಕೀಲು.

ಅಲ್ಯೂಮಿನಿಯಂ ಮತ್ತು ಉಕ್ಕು ಒದ್ದೆಯಲ್ಲಿ ಒಂದಕ್ಕೊಂದು ತಾಗಿದರೆ ಸವೆಯುವುದು ಅಲ್ಯೂಮಿನಿಯಂ. ಸತು ಲೇಪಿಸಿದ ಬೋಲ್ಟು ಮತ್ತು ವಾಷರುಗಳನ್ನು ಹಾಕಿ, ಕೂರುವ ಜಾಗಕ್ಕೆ ಗ್ರೀಸ್ ಹಚ್ಚಿದರೆ ಪುಣೆಯ ಮಳೆಗೆ ಸಾಕಾಗುತ್ತದೆ. ಮುಂಬೈ ಅಥವಾ ಗೋವಾದ ಕಡಲಂಚಿನಲ್ಲಿ ಬಳಸುವವರು ತಗಡಿಗೆ ಪೌಡರ್ ಕೋಟಿಂಗ್ ಮಾಡಿಸುವುದು ಒಳ್ಳೆಯದು, ಉಪ್ಪಿನ ಗಾಳಿಯಲ್ಲಿ ಈ ಸವೆತ ಬಹಳ ವೇಗವಾಗಿ ನಡೆಯುತ್ತದೆ.

ಬ್ಲೇಡಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ತಳ ಹಗುರವಾಯಿತೆಂದು ಬ್ಲೇಡನ್ನೂ ಹಗುರ ಮಾಡುವ, ಅಥವಾ ಅದರ ಬದಲು ನೈಲಾನ್ ದಾರದ ತಲೆಯನ್ನು ಕೂರಿಸುವ ಆಸೆ ಬರುತ್ತದೆ. ಹಲವು ಲಾನ್ ಮೋವರ್ ಎಂಜಿನ್ನುಗಳ ಫ್ಲೈವೀಲ್, ಅಂದರೆ ಓಟವನ್ನು ಸಮನಾಗಿಡುವ ಚಕ್ರ, ಉದ್ದೇಶಪೂರ್ವಕವಾಗಿಯೇ ಹಗುರವಾಗಿರುತ್ತದೆ, ಉಳಿದ ಜಡತ್ವವನ್ನು ಉಕ್ಕಿನ ಬ್ಲೇಡ್ ಒದಗಿಸುತ್ತದೆ. ಬ್ಲೇಡ್ ಹಗುರವಾದರೆ ಹಗ್ಗ ಎಳೆದಾಗ ಎಂಜಿನ್ ಹಿಮ್ಮುಖವಾಗಿ ಒದ್ದು ಕೈಯನ್ನು ಜಗ್ಗುತ್ತದೆ, ನಿಧಾನ ಓಟದಲ್ಲಿ ತಡವರಿಸಿ ನಿಲ್ಲುತ್ತದೆ. ಮೂಲ ಬ್ಲೇಡಿನ ಉದ್ದ ಮತ್ತು ತೂಕವನ್ನೇ ಉಳಿಸಿಕೊಳ್ಳಬೇಕು. ಉದ್ದವನ್ನು ಹೆಚ್ಚಿಸುವುದೂ ಸಲ್ಲದು. ಅಮೆರಿಕದ ಮಾನದಂಡ ಬ್ಲೇಡಿನ ತುದಿಯ ವೇಗವನ್ನು ನಿಮಿಷಕ್ಕೆ 19,000 ಅಡಿಗೆ, ಅಂದರೆ ಸೆಕೆಂಡಿಗೆ ಸುಮಾರು 96.5 ಮೀಟರಿಗೆ ಮಿತಿಗೊಳಿಸಿದೆ. 21 ಇಂಚಿನ ಬ್ಲೇಡ್ 3000 ಸುತ್ತಿನಲ್ಲಿ 84 ಮೀಟರ್ ತಲುಪುತ್ತದೆ, 3600 ಸುತ್ತಿಗೆ ಏರಿಸಿದರೆ 100 ಮೀಟರ್ ದಾಟಿಬಿಡುತ್ತದೆ. ಆದ್ದರಿಂದ ಎಂಜಿನ್ನಿನ ವೇಗವನ್ನು ಹತೋಟಿಯಲ್ಲಿಡುವ ಗವರ್ನರಿನ ಸ್ಪ್ರಿಂಗನ್ನು ಎಳೆದು ವೇಗ ಹೆಚ್ಚಿಸುವ ಪ್ರಯೋಗ ಬೇಡವೇ ಬೇಡ.

ಸಾಣೆ ಹಿಡಿದ ಬ್ಲೇಡನ್ನು ಗೋಡೆಗೆ ಹೊಡೆದ ಮೊಳೆಗೆ ನಡುವಿನ ರಂಧ್ರದಿಂದ ತೂಗುಹಾಕಿ, ಅಡ್ಡವಾಗಿ ನಿಲ್ಲುತ್ತದೆಯೇ ಎಂದು ನೋಡಬೇಕು. ವಾಲಿದ ಬದಿಯನ್ನು ಸ್ವಲ್ಪ ಸ್ವಲ್ಪವೇ ಉಜ್ಜಬೇಕು. ಬ್ಲೇಡಿನ ತುದಿಯಲ್ಲಿ, ನಡುವಿನಿಂದ 230 ಮಿಲಿಮೀಟರ್ ದೂರದಲ್ಲಿ ಕೇವಲ 10 ಗ್ರಾಮ್ ವ್ಯತ್ಯಾಸವಿದ್ದರೂ 3000 ಸುತ್ತಿನಲ್ಲಿ ಅದು 23 ಕಿಲೋ ಭಾರದಷ್ಟು ಬಲವಾಗಿ ಸೆಕೆಂಡಿಗೆ ಐವತ್ತು ಸಲ ತಳವನ್ನು ಎಲ್ಲ ದಿಕ್ಕಿಗೂ ಎಳೆಯುತ್ತದೆ. ಉಕ್ಕಿನ ಭಾರವಾದ ಡೆಕ್ ಇದನ್ನು ಹೇಗೋ ನುಂಗಿಕೊಳ್ಳುತ್ತಿತ್ತು, ಹಗುರವಾದ ತಳ ನುಂಗುವುದಿಲ್ಲ. ಹೊಸ ತಳದ ಯಂತ್ರಕ್ಕೆ ಪ್ರತಿ ಸಲ ಸಾಣೆ ಹಿಡಿದಾಗಲೂ ಈ ಪರೀಕ್ಷೆ ಕಡ್ಡಾಯ. ಬ್ಲೇಡನ್ನು ಕೂರಿಸುವಾಗ ಎತ್ತಿದ ರೆಕ್ಕೆಗಳು ತಳದ ಕಡೆಗೆ ಮುಖ ಮಾಡಿರಬೇಕು, ಕೀ ತನ್ನ ಸೀಳಿನಲ್ಲಿ ಸರಿಯಾಗಿ ಕೂತಿರಬೇಕು, ನಡುವಿನ ಬೋಲ್ಟನ್ನು ಸುಮಾರು 50 ನ್ಯೂಟನ್ ಮೀಟರಿಗೆ ಬಿಗಿಯಬೇಕು.

ಹಿಡಿಕೆಗೆ ಒತ್ತಿಹಿಡಿಯುವ ಲಿವರಿನ ಕೇಬಲ್ಲನ್ನು ಅದರ ಮೂಲ ಉದ್ದದಲ್ಲೇ ಜೋಡಿಸಬೇಕು. ಲಿವರ್ ಬಿಟ್ಟ ಕೂಡಲೇ ಬ್ರೇಕ್ ಫ್ಲೈವೀಲನ್ನು ಹಿಡಿದು ಬ್ಲೇಡನ್ನು ನಿಲ್ಲಿಸುತ್ತದೆ. ಅಮೆರಿಕದಲ್ಲಿ 1982ರಿಂದ ಜಾರಿಯಲ್ಲಿರುವ ನಿಯಮ ಇದಕ್ಕೆ ಮೂರು ಸೆಕೆಂಡಿನ ಗಡುವು ಹಾಕಿದೆ, ನಮ್ಮ ಕೈಕೆಲಸಕ್ಕೂ ಅದೇ ಅಳತೆಯಾಗಲಿ. ಲಿವರನ್ನು ದಾರದಿಂದ ಕಟ್ಟಿ ಓಡಿಸುವ ಅಭ್ಯಾಸ ಹಲವು ಕಡೆ ಇದೆ. ಯಂತ್ರವನ್ನು ಮಾಲಿಗಳ ಕೈಗೆ ಒಪ್ಪಿಸುವಾಗ ಅದನ್ನು ಸ್ಪಷ್ಟವಾಗಿ ಬೇಡವೆಂದು ಹೇಳಿ, ಕಾರಣವನ್ನೂ ತಿಳಿಸಬೇಕು.

ಆಯಿಲ್ ತುಂಬಿ, ಪ್ಲಗ್ಗಿನ ತಂತಿಯನ್ನು ಕೊನೆಯಲ್ಲಿ ಸಿಕ್ಕಿಸಿ, ಕಲ್ಲುಗಳಿಲ್ಲದ ಸಮತಟ್ಟು ಜಾಗದಲ್ಲಿ ಮೊದಲು ಐದು ನಿಮಿಷ ಮಾತ್ರ ಓಡಿಸಬೇಕು. ಎಂಜಿನ್ ನಿಲ್ಲಿಸಿ, ತಂತಿ ತೆಗೆದು, ಎಲ್ಲ ಬೋಲ್ಟುಗಳನ್ನೂ ಮತ್ತೆ ಅದೇ ಟಾರ್ಕಿಗೆ ಪರೀಕ್ಷಿಸಬೇಕು. ಹೊಸ ತಗಡು ಒತ್ತಡಕ್ಕೆ ಒಗ್ಗುವಾಗ ಅವು ತುಸು ಸಡಿಲಾಗುವುದು ಸಹಜ. ಒಂದು ಗಂಟೆಯ ಓಟದ ನಂತರ, ಆಮೇಲೆ ತಿಂಗಳಿಗೊಮ್ಮೆ ಇದನ್ನೇ ಮಾಡಬೇಕು. ಆಗಲೇ ಬೋಲ್ಟಿನ ರಂಧ್ರಗಳ ಸುತ್ತ, ಮಡಿಕೆಗಳ ತುದಿಯಲ್ಲಿ ಮತ್ತು ರಿವೆಟ್ಟುಗಳ ಸಾಲಿನಲ್ಲಿ ಬಟ್ಟೆಯಿಂದ ಒರೆಸಿ, ಟಾರ್ಚ್ ಹಿಡಿದು ನೋಡಬೇಕು. ರಿವೆಟ್ಟಿನ ಸುತ್ತ ಕಪ್ಪು ಪುಡಿ ಕಂಡರೆ ಅಲ್ಲಿ ತಗಡು ಉಜ್ಜಾಡುತ್ತಿದೆ ಎಂದರ್ಥ, ಆ ರಿವೆಟ್ಟನ್ನು ಬದಲಿಸಬೇಕು. ಕೂದಲೆಳೆಯಷ್ಟು ಬಿರುಕು ಕಂಡರೂ ಯಂತ್ರವನ್ನು ನಿಲ್ಲಿಸಿ ಆ ತುಂಡನ್ನೇ ಹೊಸದಾಗಿ ಹಾಕಿಸಬೇಕು; ಬಿರುಕಿನ ಮೇಲೆ ವೆಲ್ಡಿಂಗ್ ಎಳೆದು ಮುಂದುವರಿಯುವಂತಿಲ್ಲ.